ಗೆರೆಯ ಕೆಳಗೆ ಏಳು

ಸಿಂದಗಿ
9 ಜನವರಿ 2024

ಕಾಕಾ,

ಜೈಭೀಮ. ಮೊದಲು ಖುಷಿಯ ಸುದ್ದಿ ಹೇಳಿಬಿಡುತ್ತೇನೆ, ಕುಶಲ ಆಮೇಲೆ ಕೇಳುತ್ತೇನೆ. ಮುಂದಿನ ವಾರ ನಿನ್ನ ಪಂಪ್‌ಹೌಸಿಗೆ ಒಂದು ಪೆಟ್ಟಿಗೆ ಬರುತ್ತದೆ. ಬೂದು ಬಣ್ಣದ್ದು, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮೇಲೆ ನಮ್ಮ ಕಲ್ಮೇಶಣ್ಣನ ಅಂಗಡಿಯ ಹೆಸರಿರುತ್ತದೆ, ಒಳಗಿನ ಪ್ರೋಗ್ರಾಮ್ ಮಾತ್ರ ನನ್ನದು. ಇಂಡಿಯಲ್ಲಿ ಡಿಪ್ಲೊಮಾ ಮುಗಿಸಿದವಳು ಎರಡು ವರ್ಷ ಬರೀ ವೈರು ಸುಲಿಯುತ್ತಾ ಕೂತಿದ್ದಾಳೆ ಎಂದು ಬೈಯುತ್ತಿದ್ದೆಯಲ್ಲ, ಈಗ ನೋಡು.

ಕೆಲಸ ಇಷ್ಟೇ. ಬೆಳಿಗ್ಗೆ ಹೊಳೆಯ ನೀರು ಬಂದು ನಿಲ್ಲುವ ಬಾವಿಯ ಮೆಟ್ಟಿಲಿಳಿದು, ಗೋಡೆಯ ಕೆಂಪು ಗೆರೆಗಿಂತ ನೀರು ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೀಯಲ್ಲ, ಅದೇ ಅಂಕಿಯನ್ನು ಪೆಟ್ಟಿಗೆಗೆ ಮೆಸೇಜ್ ಮಾಡಬೇಕು. ಅಂಕಿ ಇದ್ದರೆ ಅದು ಮೋಟರ್ ಚಾಲೂ ಮಾಡುತ್ತದೆ, ಸೊನ್ನೆ ಬಂದರೆ ಬಂದ್. ಗುತ್ತಿಗೆದಾರರು ಇದಕ್ಕೆಂದೇ ನಿನಗೊಂದು ಬಟನ್ ಫೋನು ಕೊಡುತ್ತಾರೆ. ಪೆಟ್ಟಿಗೆಯ ನಂಬರು ಬಿಟ್ಟರೆ ಬೇರೆಲ್ಲಿಗೂ ಅದರಿಂದ ಮೆಸೇಜ್ ಹೋಗುವುದಿಲ್ಲ. ಮಾತಾಡಿದರೆ ನಿನಗೆ ಕೇಳುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಪೋಸ್ಟ್‌ಮ್ಯಾನೇ ಗತಿ.

ಒಂದು ತಮಾಷೆ ಗೊತ್ತಾ? ನೀನು 42 ಎಂದು ಕಳಿಸಿದರೆ ಮಷೀನಿಗೆ ಅದು ನಲವತ್ತೆರಡು ಅಲ್ಲ, ಬರೀ ಎರಡು ಅಕ್ಷರ. ಅದನ್ನು ಲೆಕ್ಕಕ್ಕೆ ಸಿಗುವ ಸಂಖ್ಯೆ ಮಾಡಲು ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಇದೆ. ಲ್ಯಾಬಿನಲ್ಲಿ ನಾವು ಸ್ಟ್ರ್-ಟು-ಯುಎಲ್ ಎನ್ನುತ್ತಿದ್ದೆವು. ಅದು ಎಡದಿಂದ ಒಂದೊಂದೇ ಅಕ್ಷರ ಓದಿ, ಪ್ಲಸ್ಸು ಮೈನಸ್ಸಿನ ಗೋಜಿಲ್ಲದ ಸಂಖ್ಯೆ ಕಟ್ಟಿಕೊಡುತ್ತದೆ. ನೀರಿಗೆ ಮೈನಸ್ ಯಾಕೆ ಬೇಕು? ಏನೂ ಇಲ್ಲವೆಂದರೆ ಸೊನ್ನೆ.

ಪೆಟ್ಟಿಗೆಗೆ ಬಂದದ್ದನ್ನೆಲ್ಲ ನನ್ನ ಪ್ರೋಗ್ರಾಮು ಓದುತ್ತದೆ. ಅಂದರೆ ನಾನೇ ಓದಿದ ಹಾಗೆ ಎಂದುಕೋ.

ನಿನ್ನ
ಸಂಘು


ಹೊಳೆದಂಡೆ ಪಂಪ್‌ಹೌಸ್, ಕೊಲ್ಹಾರದ ಹತ್ತಿರ
23 ಜನವರಿ 2024

ಅವ್ವಾ ಸಂಘಮಿತ್ರಾ,

ಜೈಭೀಮ. ಪೆಟ್ಟಿಗೆ ಬಂತು. ನೀನು ಚಿಕ್ಕವಳಿದ್ದಾಗ ಕೂತು ಪಾಟಿಯ ಮೇಲೆ ಬರೆಯುತ್ತಿದ್ದ ಮೆಟ್ಟಿಲಿನ ಪಕ್ಕದ ಗೋಡೆಗೇ ಹಾಕಿಸಿದ್ದೇನೆ. ಹಾಕಲು ಬಂದವನು, "ಕಾಕಾ, ಇನ್ನ ನಿಮಗ ಆರಾಮ್ರಿ, ಪೆಟಿಗಿ ಎಲ್ಲಾ ನೋಡ್ಕೊಂತೈತಿ" ಅಂದ. ತುಟಿ ನೋಡಿ ತಿಳಿದುಕೊಂಡೆ. "ಪೆಟಿಗಿ ಅಲ್ಲೋ, ನಮ್ಮ ಹುಡುಗಿ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಪತ್ರವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ಏಳನೆಯ ಇಯತ್ತೆಯ ಮಾಸ್ತರರು ಹೇಳಿದ್ದರು. ಅದಕ್ಕೇ ಹೀಗೆ ಬರೆಯುತ್ತೇನೆ, ನಗಬೇಡ. ಮೆಸೇಜಿಗೆ ಆ ಕಟ್ಟಲೆ ಇಲ್ಲವಲ್ಲ. ಊರ ನಲ್ಲಿಯ ಹತ್ತಿರ ಸೈದಾಬಿಯ ಮಗಳು ಸಿಕ್ಕಿದ್ದಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು.

ನೀನು ಓದುತ್ತೀ ಎಂದೆಯಲ್ಲ, ಅಷ್ಟು ಸಾಕು.

ನಿನ್ನ ಕಾಕಾ
ರಾವಸಾಬ


ಹೊಳೆದಂಡೆ
5 ಮಾರ್ಚ್ 2024

ಅವ್ವಾ,

ಇಲ್ಲಿ ಎಲ್ಲ ಕ್ಷೇಮ. ನೀರು ದಿನಕ್ಕೊಂದಿಷ್ಟು ಇಳಿಯುತ್ತಿದೆ. ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿನಗೆ ಕೆಲಸ ಬಹಳ ಇರಬೇಕು. ನಾನು ದಿನಾ ಕೇಳುತ್ತೇನೆ ಎಂದು ಬೇಸರಪಡಬೇಡ. ಉತ್ತರ ಕೊಡಲೇಬೇಕು ಎಂದೇನಿಲ್ಲ.

ರಾವಸಾಬ


ಸಿಂದಗಿ
13 ಮಾರ್ಚ್ 2024

ಕಾಕಾ,

ದಿನಾ ಏನು ಕೇಳುತ್ತೀಯ? ಎರಡು ತಿಂಗಳಿಗೆ ಎರಡು ಪತ್ರ ಬಂದಿವೆ, ಅದೂ ಎರಡನೆಯದು ಇಷ್ಟೇ ಇಷ್ಟು. ನಾನು ಬರೆಯುವುದು ತಡವಾಗಿದ್ದಕ್ಕೆ ಸಿಟ್ಟು ಬಂದಿದ್ದರೆ ನೇರವಾಗಿ ಬೈಯಿ. ಇಂಡಿ ಕಡೆ ಎರಡು, ಮುದ್ದೇಬಿಹಾಳದ ಕಡೆ ಮೂರು ಪೆಟ್ಟಿಗೆ ಹೋದವು, ನಿನ್ನದು ಸೇರಿ ಆರು. ಎಲ್ಲಿಂದಲೂ ಒಂದು ದೂರು ಇಲ್ಲ. ಕಲ್ಮೇಶಣ್ಣ ನನ್ನನ್ನು ಈಗ "ಇಂಜಿನಿಯರ್ ಬಾಯಿ" ಎನ್ನುತ್ತಾನೆ. ಏಪ್ರಿಲ್ ಹದಿನಾಲ್ಕಕ್ಕೆ ಜಯಂತಿಗೆ ಊರಿಗೆ ಬರಲು ನೋಡುತ್ತೇನೆ.

ಸಂಘು


ಮುದ್ದೇಬಿಹಾಳ
26 ಏಪ್ರಿಲ್ 2024

ಅವ್ವಾ,

ಜಯಂತಿಗೆ ನೀನು ಬರಲಾಗಲಿಲ್ಲ, ಇರಲಿ. ನಾನು ಎಂಟು ದಿನದಿಂದ ನಿನ್ನ ಯಲ್ಲವ್ವತ್ತೆಯ ಮನೆಯಲ್ಲಿದ್ದೇನೆ. ಬಿಸಿಲು ಹೆಚ್ಚು, ಸ್ವಲ್ಪ ಆರಾಮು ತೆಗೆದುಕೊಳ್ಳೋಣ ಎಂದು ಬಂದೆ. ಪಂಪ್‌ಹೌಸಿನ ಕೀಲಿ ಬೇರೆಯವರ ಹತ್ತಿರ ಇದೆ. ನೀನು ಚಿಂತೆ ಮಾಡಬೇಡ. ಯಲ್ಲವ್ವ ಜೋಳದ ರೊಟ್ಟಿಯ ಮೇಲೆ ಕೈಯಷ್ಟು ಬೆಣ್ಣೆ ಹಾಕುತ್ತಾಳೆ, ನಾನು ದಪ್ಪಗಾಗುತ್ತಿದ್ದೇನೆ.

ರಾವಸಾಬ


ಸಿಂದಗಿ
4 ಮೇ 2024

ಕಾಕಾ,

ಯಾಕೆ ಮುಚ್ಚಿಟ್ಟೆ? ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ರಜೆ ಹಾಕದವನು ಬಿಸಿಲಿಗೆ ಹೆದರಿ ಮುದ್ದೇಬಿಹಾಳಕ್ಕೆ ಹೋದ ಎಂದರೆ ನಾನು ನಂಬಬೇಕೆ? ಗುತ್ತಿಗೆದಾರರು ಪೆಟ್ಟಿಗೆಯನ್ನು ನಮ್ಮ ಅಂಗಡಿಗೆ ವಾಪಸ್ ಕಳಿಸಿದ್ದಾರೆ. ಏಪ್ರಿಲ್ ಹದಿನಾರಕ್ಕೆ ಮೋಟರ್ ನೀರಿಲ್ಲದೆ ಓಡಿ ಸುಟ್ಟುಹೋಯಿತು, ಊರಿಗೆ ಎಂಟು ದಿನ ನೀರಿಲ್ಲ, ನಿನ್ನನ್ನು ಕೆಲಸದಿಂದ ಹೊರಗೆ ನಿಲ್ಲಿಸಿದ್ದಾರೆ ಎಂಬುದು ಅದರ ಜೊತೆ ಬಂದ ಕಾಗದ ಓದಿ ನನಗೆ ತಿಳಿಯಿತು.

ಪೆಟ್ಟಿಗೆ ತಾನು ಓದಿದ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆ ದಿನದ ಲೆಕ್ಕದಲ್ಲಿ 4294967289 ಎಂದಿದೆ. ನಾಲ್ಕುನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ! ಕಲ್ಮೇಶಣ್ಣ ನಿರಾಳವಾದ. "ನಮ್ಮ ಪೆಟಿಗಿದು ಏನೂ ತಪ್ಪಿಲ್ಲ. ಹತ್ತ ಅಂಕಿ ಐತಿ, ಆಪರೇಟರ್ ಯಾರದೋ ಫೋನ್ ನಂಬರ್ ಒತ್ಯಾನ" ಅಂದ. ಆ ಆಪರೇಟರ್ ನನ್ನ ಕಾಕಾ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತಿದೆ.

ನಿಜ ಹೇಳು, ಏನಾದರೂ ತಪ್ಪು ಒತ್ತಿದೆಯಾ? ಕನ್ನಡಕ ಬದಲಿಸಿ ಎಷ್ಟು ವರ್ಷವಾಯಿತು?

ಸಂಘು


ಮುದ್ದೇಬಿಹಾಳ
10 ಮೇ 2024

ಅವ್ವಾ ಸಂಘಮಿತ್ರಾ,

ಹೌದು, ಕೈ ತಪ್ಪಿರಬೇಕು. ವಯಸ್ಸು ಐವತ್ತೆಂಟು, ಬೆರಳು ದಪ್ಪ, ಬಟನ್ ಸಣ್ಣವು. ಹಾಗೆಂದು ಹೇಳಿದ್ದೇನೆ. ಜೂನ್ ಮೂರಕ್ಕೆ ಬಸವನ ಬಾಗೇವಾಡಿಯ ನೀರು ಸರಬರಾಜು ಕಚೇರಿಯಲ್ಲಿ ಸಾಹೇಬರ ಮುಂದೆ ಹೋಗಿ ಅದನ್ನೇ ಬರೆದು ಸಹಿ ಮಾಡಬೇಕು. ಆಮೇಲೆ ಕೆಲಸ ಹೋಗುತ್ತದೆ, ಹೋಗಲಿ. ನೀನು ಇದರಲ್ಲಿ ಬರಬೇಡ.

ಆ ದಿನ ಮೆಟ್ಟಿಲಿಳಿದು ನೋಡಿದಾಗ ನೀರು ಗೆರೆಯ ಕೆಳಗೆ ಏಳು ಇತ್ತು. ಒಂದೇ ದಿನದಲ್ಲಿ ಅಷ್ಟು ಇಳಿದಿತ್ತು. ಮೆಸೇಜ್ ಕಳಿಸಿ, ಇವತ್ತು ನೀರು ಬರುವುದಿಲ್ಲ ಎಂದು ಹೆಂಗಸರಿಗೆ ಹೇಳಲು ಊರಿನೊಳಗೆ ಹೋದೆ. ತಿರುಗಿ ಬಂದಾಗ ಪಂಪ್‌ಹೌಸಿನಲ್ಲಿ ಹೊಗೆ. ಕಿವಿ ಇದ್ದ ಕಾಲದಲ್ಲಾದರೆ ಅರ್ಧ ದಾರಿಯಲ್ಲೇ ಮೋಟರಿನ ಸಪ್ಪಳ ಬದಲಾದದ್ದು ತಿಳಿಯುತ್ತಿತ್ತು. ಅದೇ ಮೋಟರು ಕಿವಿ ತಿಂದಿತ್ತಲ್ಲ.

ಸೈದಾಬಿ ಮರುದಿನ ಖಾಲಿ ಕೊಡ ಹಿಡಿದುಕೊಂಡು ಬಂದು, "ಇರ್ಲಿ ಬಿಡ ರಾವಸಾಬಣ್ಣಾ, ಇಷ್ಟ ವರ್ಷದಾಗ ಒಮ್ಮೆ ತಪ್ಪೈತಿ" ಅಂದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ರಾವಸಾಬ


ಸಿಂದಗಿ
15 ಮೇ 2024

ಕಾಕಾ,

ಎಲ್ಲಿಯೂ ಸಹಿ ಮಾಡಬೇಡ. ಯಾರು ಏನೇ ಹೇಳಲಿ, ನನ್ನ ಮುಂದಿನ ಪತ್ರ ಬರುವವರೆಗೆ ಪೆನ್ನು ಮುಟ್ಟಬೇಡ. ಗೆರೆಯ ಕೆಳಗೆ ಏಳು ಎಂದು ಬರೆದಿದ್ದೀಯ. ನೀನು ಸೊನ್ನೆ ಕಳಿಸಿರಲಿಲ್ಲ, ಅಲ್ಲವೆ?

ಸಂಘು


ಸಿಂದಗಿ
22 ಮೇ 2024

ಕಾಕಾ,

ಈ ಪತ್ರವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ತಪ್ಪು ನಿನ್ನ ಕೈಯದಲ್ಲ, ನನ್ನದು.

ನಾನು ಬಳಸಿದ ಫಂಕ್ಷನ್ನಿಗೆ ಒಂದು ಕೆಟ್ಟ ಗುಣವಿದೆ. ಮೈನಸ್ ಹಾಕಿದ ಅಂಕಿ ಬಂದರೆ ಅದು ಬೇಡ ಎನ್ನುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ಸುಮ್ಮನೆ ತೆಗೆದುಕೊಂಡು, ತನ್ನ ಎಣಿಕೆಯ ಕೊನೆಯಿಂದ ಅಷ್ಟು ಹಿಂದಕ್ಕೆ ಎಣಿಸಿ ಕೊಡುತ್ತದೆ. ನಮ್ಮ ಪೆಟ್ಟಿಗೆಯ ಎಣಿಕೆ 4294967296ಕ್ಕೆ ಒಂದು ಸುತ್ತು ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಅದರಲ್ಲಿ ಏಳು ಕಳೆ. ಕಳೆದು ನೋಡಿದೆಯಾ? ಆ "ಫೋನ್ ನಂಬರು" ಅದೇ. ನಮ್ಮಲ್ಲಿ ಯಾರ ಮೊಬೈಲ್ ನಂಬರೂ ನಾಲ್ಕರಿಂದ ಶುರುವಾಗುವುದಿಲ್ಲ, ಅಷ್ಟನ್ನೂ ನಾನು ಯೋಚಿಸಲಿಲ್ಲ. ನೀನು ಗೆರೆಯ ಕೆಳಗೆ ಏಳು ಎಂದೆ, ನನ್ನ ಪ್ರೋಗ್ರಾಮು ಸಮುದ್ರದಷ್ಟು ನೀರಿದೆ ಎಂದು ತಿಳಿದು ಮೋಟರ್ ಹಚ್ಚಿತು. ಇಷ್ಟು ದೊಡ್ಡ ಸಂಖ್ಯೆ ಬಂದರೆ ನಿಲ್ಲು ಎಂದಾದರೂ ನಾನು ಒಂದು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ಉಳಿದ ಐದು ಊರಿನವರು ನೀರು ಗೆರೆ ಬಿಟ್ಟು ಇಳಿದರೆ ಸೊನ್ನೆ ಕಳಿಸಿ ಸುಮ್ಮನಾಗುತ್ತಾರೆ. ಮೈನಸ್ ಕಳಿಸುವವನು ನೀನೊಬ್ಬನೇ.

ಅದು ನನಗೆ ಗೊತ್ತಿರಬೇಕಿತ್ತು ಕಾಕಾ. ಅವ್ವ ಅಪ್ಪ ಹೋದ ಮೇಲೆ ನನ್ನನ್ನು ಆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಮೈನಸ್ ಕಲಿಸಿದವನು ನೀನು. "ಗೆರಿ ಕೆಳಗೂ ನೀರ ಇರ್ತೈತಿ. ಸೊನ್ನಿ ಅಂತ ಬರದ್ರ ಎಷ್ಟ ಕೆಳಗ ಹೋಗೈತಿ ಅನ್ನೂದು ನಾಳೆ ಬಂದವಗ ಹ್ಯಾಂಗ ತಿಳೀಬೇಕು?" ಎನ್ನುತ್ತಿದ್ದೆ. ಸಾಲಿಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಆ ಲೆಕ್ಕ ಬಂತು. ನಿನ್ನ ಪಂಪ್‌ಹೌಸಿಗೆ ಪ್ರೋಗ್ರಾಮ್ ಬರೆಯುವಾಗ ಅದನ್ನೇ ಮರೆತೆ. ಮೇಲಾಗಿ, ಆ ಸಂಖ್ಯೆ ನೋಡಿದಾಗ ನಿನ್ನ ಬೆರಳಿನ ಮೇಲೆ ಸಂಶಯಪಟ್ಟೆ, ನನ್ನ ಪ್ರೋಗ್ರಾಮಿನ ಮೇಲಲ್ಲ. ಇದನ್ನು ನೀನು ಕ್ಷಮಿಸಿದರೂ ನಾನು ಮರೆಯಲಾರೆ.

ಇನ್ನೊಂದಿದೆ. ಪೆಟ್ಟಿಗೆಯ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದೆ. ಕೊನೆಯ ಇಪ್ಪತ್ತು ಮೆಸೇಜು ಅದರಲ್ಲಿ ಹಾಗೆಯೇ ಉಳಿದಿದ್ದವು. ಕೆಲವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ, ನಿನ್ನವೇ.

"11 ಸಂಘು ಉಂಡಿ"
"9 ಬಿಸಲ ಬಾಳ ಐತಿ ಛತ್ರಿ ಒಯ್ಯಿ"
"6 ಕೆಲಸ ಬಾಳೇನ"
"3 ಜೈಭೀಮ. ಇವತ್ತ ಮನಿಗಿ ಬರ್ತಿ ಅನ್ಕೊಂಡಿದ್ನಿ"
"2 ಉಂಡಿ"

ಹದಿನಾರನೆಯ ತಾರೀಖಿನದು: "-7 ಇವತ್ತ ನೀರಿಲ್ಲ. ಮೋಟರ್ ಹಚ್ಚಬ್ಯಾಡ ಅವ್ವಾ".

ಅಂಗಡಿಯಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಆ ಫಂಕ್ಷನ್ ಅಂಕಿಗಳನ್ನು ಓದುತ್ತಾ ಹೋಗಿ, ಅಂಕಿಯಲ್ಲದ್ದು ಬಂದ ಕೂಡಲೇ ನಿಂತುಬಿಡುತ್ತದೆ. ಎಲ್ಲಿ ನಿಂತೆ, ಮುಂದೆ ಏನು ಉಳಿದಿದೆ ಎಂದು ಕೇಳಿದರೆ ಹೇಳುತ್ತದೆ. ನಾನು ಕೇಳಿರಲಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೆ. ಮೂರು ತಿಂಗಳು ದಿನಾ ಬೆಳಿಗ್ಗೆ ನೀನು ಉಂಡಿಯಾ ಎಂದು ಕೇಳಿದೆ, ನಾನು ಅಂಕಿ ಇಟ್ಟುಕೊಂಡು ಅದನ್ನು ಎಸೆದೆ. ನಾನೇ ಓದಿದ ಹಾಗೆ ಎಂದು ಬರೆದವಳೂ ನಾನೇ. ದಿನಾ ಏನು ಕೇಳುತ್ತೀಯ ಎಂದು ನಿನಗೇ ಗದರಿಸಿದವಳೂ ನಾನೇ.

ಕಲ್ಮೇಶಣ್ಣನಿಗೆ ಎಲ್ಲ ಹೇಳಿದೆ. "ಸುಮ್ನ ಕುಂತ್ರ ಯಾರಿಗೂ ತಿಳಿಯಾಂಗಿಲ್ಲ" ಅಂದ. "ನನಗ ತಿಳದೈತಲ್ರಿ ಅಣ್ಣಾ" ಅಂದೆ. ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಜೂನ್ ಮೂರಕ್ಕೆ ನಾನು ಬಾಗೇವಾಡಿಗೆ ಬರುತ್ತೇನೆ.

ನಿನ್ನ
ಸಂಘು


ಮುದ್ದೇಬಿಹಾಳ
27 ಮೇ 2024

ಅವ್ವಾ,

ಬರಬೇಡ.

ನನ್ನ ಕೈ ತಪ್ಪಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಹತ್ತು ಅಂಕಿ ಒತ್ತುವಷ್ಟು ಮರೆವು ನನಗಿನ್ನೂ ಬಂದಿಲ್ಲ. ನೀನು ಕೆಲಸದ ಗದ್ದಲದಲ್ಲಿ ನನ್ನ ಮೆಸೇಜು ನೋಡಿಲ್ಲ, ನೋಡದೆ ಮೋಟರ್ ಹಚ್ಚಿದ್ದೀ ಎಂದುಕೊಂಡಿದ್ದೆ. ನೀನು ಅಲ್ಲಿ ಕೂತು ಎಲ್ಲ ಓದುತ್ತೀ ಎಂದೇ ನನ್ನ ತಿಳಿವಳಿಕೆ ಇತ್ತು. ಪೆಟ್ಟಿಗೆ ತಪ್ಪು ಎಂದರೆ ನೀನು ತಪ್ಪು ಎಂದಾಗುತ್ತದೆ. ನಮ್ಮ ಓಣಿಯಿಂದ ಒಬ್ಬ ಹುಡುಗಿ ಮಷೀನಿನೊಳಗೆ ಬರೆಯುವಷ್ಟು ಓದಿದ್ದಾಳೆ. ಅವಳ ಮೊದಲ ಪೆಟ್ಟಿಗೆಯೇ ಹೀಗಾಯಿತು ಎಂದರೆ, "ಇವರಿಗೆ ಇದೆಲ್ಲಾ ಎಲ್ಲಿ ಬರ್ತೈತಿ" ಎನ್ನುತ್ತಾರೆ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಆ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ನಿನ್ನ ಬಗ್ಗೆ ಅದನ್ನು ಯಾರ ತುಟಿಯ ಮೇಲೂ ನೋಡಲಾರೆ.

ನನಗೆ ಇನ್ನು ಎರಡು ವರ್ಷದ ಕೆಲಸ. ನಿನಗೆ ಮುಂದೆ ಎಷ್ಟೋ ವರ್ಷ ಇದೆ. ನಾನು ಸಹಿ ಮಾಡುತ್ತೇನೆ.

ಆ ಮೆಸೇಜುಗಳನ್ನು ಯಾರಿಗೂ ತೋರಿಸಬೇಡ, ನನಗೆ ನಾಚಿಕೆ.

ನೀನು ಅವನ್ನು ಓದಿರಲೇ ಇಲ್ಲ ಎಂದು ತಿಳಿದು ಮನಸ್ಸು ಹಗುರಾಯಿತು. ಓದಿಯೂ ಉತ್ತರ ಕೊಡಲಿಲ್ಲ ಎಂದುಕೊಂಡು ಬಹಳ ದಿನ ಒಳಗೊಳಗೇ ನೊಂದಿದ್ದೆ.

ರಾವಸಾಬ


ಸಿಂದಗಿ
9 ಜೂನ್ 2024

ಕಾಕಾ,

ನೀನು ಬರಬೇಡ ಎಂದೆ, ನಾನು ಬಂದೆ. ಬಾಗೇವಾಡಿಯಲ್ಲಿ ಅಂದು ನೀನು ಸಾಹೇಬರ ತುಟಿಯನ್ನೇ ನೋಡುತ್ತಾ ಕೂತಿದ್ದೆ, ನಾನು ನಿನಗೆ ಬೆನ್ನು ಮಾಡಿ ನಿಂತಿದ್ದೆ. ನಾನೇನು ಹೇಳಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೈಸನ್ನೆ ಮಾಡಿ ಕೇಳಿದೆಯಲ್ಲ, ಅಷ್ಟರಲ್ಲಿ ಬಸ್ ಬಂದುಬಿಟ್ಟಿತು. ಈಗ ಬರೆಯುತ್ತೇನೆ.

ಸಾಹೇಬರು ನಿನ್ನ ರಿಜಿಸ್ಟರ್ ತಿರುವಿ ಹಾಕಿ, "ಇಲ್ಲಿ -7 ಅಂತ ಬರದೈತಿ. ಆಮ್ಯಾಲ ಸೇರಿಸಿಲ್ಲ ಅಂತ ಹ್ಯಾಂಗ ನಂಬೂದು? ಷರಾ ಕಾಲಮಿನ್ಯಾಗ ಒಂದ ಅಕ್ಷರ ಇಲ್ಲಲ್ಲ" ಎಂದರು. ನಾನು ಹಿಂದಿನ ಪುಟಗಳನ್ನು ತೋರಿಸಿ, "ಇಪ್ಪತ್ತಾರು ವರ್ಷದಾಗ ಎಲ್ಲೂ ಷರಾ ಇಲ್ರಿ. ಹೇಳಬೇಕಾದ್ದನ್ನ ಅಂಕಿಯೊಳಗ ಹೇಳ್ಯಾರ. ಪ್ರತಿ ಬ್ಯಾಸಿಗ್ಯಾಗೂ ಮೈನಸ್ ಐತಿ ನೋಡ್ರಿ" ಅಂದೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು, ಅವರ ಕೈಯಿಂದಲೇ -7 ಒತ್ತಿಸಿದೆ. ಆ ಹತ್ತಂಕಿ ಪರದೆಯ ಮೇಲೆ ಬಂದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ ಬಂತು.

"ಇದನ್ನ ಬರದವರು ಯಾರು?" ಎಂದು ಕೇಳಿದರು. "ನಾನ್ರೀ" ಅಂದೆ. "ನಿನಗ ಇದನ್ನ ಯಾರ ಕಲಿಸ್ಯಾರ?" ಎಂದಾಗ ನಿನ್ನ ಕಡೆ ಕೈ ತೋರಿಸಿದೆ. "ಮೈನಸ್ ಕಲಿಸಿದವರು ಇವರ್ರೀ. ಮರತವಳು ನಾನು" ಅಂದೆ. ಆಗಲೇ ಅವರು ಎದ್ದು ಬಂದು ನಿನ್ನ ಕೈ ಹಿಡಿದದ್ದು. ನೀನು ಸಹಿ ಎಲ್ಲಿ ಮಾಡಬೇಕು ಎಂದು ಅವರನ್ನೇ ಕೇಳುತ್ತಿದ್ದೆ!

ನಿನ್ನ ಮೆಸೇಜು ತೋರಿಸಿದೆ, ಹದಿನಾರನೆಯ ತಾರೀಖಿನದು ಒಂದೇ. ಉಳಿದವು ನನ್ನವು.

ಕಲ್ಮೇಶಣ್ಣ ಹಿಂದೆ ಬಾಗಿಲಲ್ಲಿ ನಿಂತಿದ್ದ, ನೀನು ನೋಡಲಿಲ್ಲ. ಕರೆಯದೇ ಬಂದಿದ್ದ. ಉಳಿದ ಐದೂ ಪೆಟ್ಟಿಗೆ ವಾಪಸ್ ತರಿಸಿದ್ದಾನೆ. ಮೂರು ತಿಂಗಳು ನಾನು ಹಗಲೆಲ್ಲ ವೈರು ಸುಲಿಯಬೇಕು, ಸಂಜೆ ಪ್ರೋಗ್ರಾಮು ತಿದ್ದಬೇಕು. "ಇಂಜಿನಿಯರ್ ಬಾಯಿ" ಹೋಗಿ ಮತ್ತೆ "ಏ ಸಂಘಮಿತ್ರಾ" ಆಗಿದ್ದೇನೆ. ಅದು ನ್ಯಾಯವೇ.

ಹೊಸ ಪ್ರೋಗ್ರಾಮು ಮೈನಸ್ಸನ್ನು ಮೈನಸ್ಸಾಗಿಯೇ ಓದುತ್ತದೆ, ಎಷ್ಟು ಓದಿದೆ ಎಂದು ನಿನಗೆ ತಿರುಗಿ ಹೇಳುತ್ತದೆ. ಅಂಕಿ ಎಲ್ಲಿ ಮುಗಿಯಿತು ಎಂದೂ ನೋಡುತ್ತದೆ. ನಿನ್ನ ಪೆಟ್ಟಿಗೆಯಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಬರೆದಿದ್ದೇನೆ, ಕಲ್ಮೇಶಣ್ಣನಿಗೂ ಗೊತ್ತು. ಅಂಕಿಯ ಮುಂದೆ ಉಳಿದದ್ದೆಲ್ಲ ನನ್ನ ಫೋನಿಗೆ ಬರುತ್ತದೆ. ನಾನು ಬರೆದದ್ದು ಪೆಟ್ಟಿಗೆಯ ಮೂಲಕ ನಿನಗೆ ಮುಟ್ಟುತ್ತದೆ. ಈ ಸಲ ನಿಜವಾಗಿಯೂ ನಾನೇ ಓದುತ್ತೇನೆ.

ನಿನ್ನ
ಸಂಘು


ಹೊಳೆದಂಡೆ ಪಂಪ್‌ಹೌಸ್
2 ಜುಲೈ 2024

ಅವ್ವಾ ಸಂಘಮಿತ್ರಾ,

ನಿನ್ನೆ ಕೆಲಸಕ್ಕೆ ಹಾಜರಾದೆ. ನಾನಿಲ್ಲದಾಗಲೇ ಹೊಸ ಮೋಟರು ಕೂರಿಸಿದ್ದಾರೆ, ನಿನ್ನ ಪೆಟ್ಟಿಗೆಯೂ ತಿರುಗಿ ಗೋಡೆಗೆ ಬಂದಿದೆ. ಸೈದಾಬಿ ಕೊಡ ತುಂಬಿಕೊಂಡು, "ನೀ ತಪ್ಪಿಲ್ಲಂತ ಮೊದಲ ಯಾಕ ಹೇಳಲಿಲ್ಲೋ ಅಣ್ಣಾ" ಎಂದು ಸರಿಯಾಗಿ ಬೈದಳು. ಮನಸ್ಸಿಗೆ ಹಿತವಾಯಿತು.

ಇವತ್ತು ಬೆಳಿಗ್ಗೆ ಮೆಟ್ಟಿಲಿಳಿದೆ. ಹೊಳೆಗೆ ಹೊಸ ನೀರು ಬಂದಿದೆ, ಗೆರೆಯ ಮೇಲೆ ಮೂವತ್ತೊಂದು. ಅಂಕಿ ಒತ್ತಿದೆ. ಮುಂದೆ ಏನು ಬರೆಯಬೇಕು ಎಂದು ತಿಳಿಯದೆ ಎಷ್ಟೋ ಹೊತ್ತು ಕೂತೆ. ನಿನ್ನಿಂದ ಉತ್ತರ ಬರದಿದ್ದಾಗ ಬಾಯಿಗೆ ಬಂದದ್ದು ಬರೆಯುತ್ತಿದ್ದೆ. ಓದಿ ಉತ್ತರವನ್ನೂ ಕೊಡುತ್ತೀ ಎಂದು ಗೊತ್ತಾದ ಮೇಲೆ ಬೆರಳು ಏಳಲೊಲ್ಲದು. ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಯಾವಾಗಲೂ ಕೇಳುವುದನ್ನೇ ಕೇಳಿ ಕಳಿಸಿದೆ.

ಮೊದಲು ಪೆಟ್ಟಿಗೆ 31 ಎಂದು ತಿರುಗಿ ಹೇಳಿತು. ಆಮೇಲೆ ಫೋನು ಕೈಯಲ್ಲಿ ನಡುಗಿತು. "ಉಂಡೇನಿ ಕಾಕಾ."

ರಿಜಿಸ್ಟರಿನಲ್ಲಿ ತಾರೀಖು ಬರೆದೆ, ನೀರು ಮೂವತ್ತೊಂದು ಎಂದು ಬರೆದೆ. ಸಾಹೇಬರು ಷರಾ ಕಾಲಮ್ ಯಾಕೆ ಖಾಲಿ ಎಂದು ಕೇಳಿದ್ದು ನೆನಪಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲನೆಯ ಸಲ ಅದರಲ್ಲಿ ಪೆನ್ನು ಊರಿದೆ. ಪುಸ್ತಕದ ಭಾಷೆಯಲ್ಲಿ ಬರೆಯಬೇಕಿತ್ತು, ಬರಲಿಲ್ಲ. ನಾಳೆ ಯಾರು ಬಂದು ನೋಡಿದರೂ ಇರಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.

"ಸಂಘು ಉಂಡಾಳ."

ನಿನ್ನ ಕಾಕಾ
ರಾವಸಾಬ